ಫೋಟೋ ಇದ್ದವರ ಇತಿಹಾಸ

ಸುಮಾರು ಮೂರೂವರೆ ನಿಮಿಷದ ಒಂದು ತುಣುಕಿನಿಂದ ಶುರು ಮಾಡುತ್ತೇನೆ.

ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಬಗ್ಗೆ ಕೆನ್ ಬರ್ನ್ಸ್ ಮಾಡಿದ 'ದಿ ಸಿವಿಲ್ ವಾರ್' ಸಾಕ್ಷ್ಯಚಿತ್ರ ಸರಣಿ 1990ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಿಬಿಎಸ್ ವಾಹಿನಿಯಲ್ಲಿ ಬಂತು. ಸತತ ಐದು ರಾತ್ರಿ, ಒಟ್ಟು ಒಂಬತ್ತು ಕಂತು. ಸುಮಾರು 4 ಕೋಟಿ ಜನ ನೋಡಿದರು. ಮೊದಲ ಕಂತಿನ ಕೊನೆಯಲ್ಲಿ ಒಂದು ಪತ್ರ ಓದುತ್ತಾರೆ. ರೋಡ್ ಐಲ್ಯಾಂಡ್ ರೆಜಿಮೆಂಟಿನ ಮೇಜರ್ ಸಲಿವನ್ ಬಲೂ 1861ರ ಜುಲೈ 14ರಂದು ಹೆಂಡತಿ ಸೇರಾಗೆ ಬರೆದದ್ದು. ನಾನು ಸತ್ತರೆ ಸತ್ತ ಅಂತ ಅಳಬೇಡ, ಎಲ್ಲೋ ಹೋಗಿದ್ದಾನೆ ಅಂದುಕೊಂಡು ಕಾಯುತ್ತಿರು, ಮತ್ತೆ ಸಿಗೋಣ ಅನ್ನುವ ಅರ್ಥದ ಪತ್ರ. ಬರೆದು ಒಂದು ವಾರಕ್ಕೆ ಬುಲ್ ರನ್ ಕದನ ನಡೆಯಿತು. ಬಲೂ ಗಾಯಗೊಂಡು ಕೆಲವೇ ದಿನಗಳಲ್ಲಿ ತೀರಿಕೊಂಡ. ಪತ್ರವನ್ನು ಅಂಚೆಗೆ ಹಾಕಿರಲೇ ಇಲ್ಲ. ಅದು ಅವನ ಸಾಮಾನಿನ ಜೊತೆ ಮನೆಗೆ ಬಂತು.

ಓದುವ ದನಿಯ ಹಿಂದೆ ಒಂದು ಪಿಟೀಲು ನುಡಿಯುತ್ತಿರುತ್ತದೆ. ನೋಡಿದವರ ಕಣ್ಣು ಒದ್ದೆಯಾಗುವುದು ಅಲ್ಲೇ.

ಈ ಭಾಗವನ್ನು ಒಮ್ಮೆ ಸುಮ್ನೆ ಮ್ಯೂಟ್ ಮಾಡಿ ನೋಡಿದೆ. ಉಳಿದದ್ದು ಅಲುಗಾಡದ ಕೆಲವು ಹಳೆಯ ಫೋಟೋ, ಅವುಗಳ ಮೇಲೆ ಮೆಲ್ಲಗೆ ಸರಿಯುವ ಕ್ಯಾಮೆರಾ. ಅಷ್ಟೇ. ನನ್ನನ್ನು ಅಳಿಸಿದ್ದೆಲ್ಲ ಕಿವಿಯಿಂದ ಬಂದಿತ್ತು. ಆ ಪಿಟೀಲಿನ ರಾಗ ಅಂತರ್ಯುದ್ಧದ ಕಾಲದ್ದೇ ಇರಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ಅಲ್ಲ. ಅದು 'ಅಶೋಕನ್ ಫೇರ್‌ವೆಲ್'. ನಮ್ಮ ಅಶೋಕನಿಗೂ ಅದಕ್ಕೂ ಸಂಬಂಧವಿಲ್ಲ, ಅಶೋಕನ್ ಅನ್ನುವುದು ನ್ಯೂಯಾರ್ಕ್ ರಾಜ್ಯದ ಒಂದು ಜಾಗ. ಜೇ ಉಂಗಾರ್ ಅನ್ನುವ ಸಂಗೀತಗಾರ ಅಲ್ಲಿ ನಡೆಸುತ್ತಿದ್ದ ಪಿಟೀಲು-ಕುಣಿತದ ಶಿಬಿರ ಮುಗಿದ ಬೇಜಾರಿಗೆ 1982ರಲ್ಲಿ ಕಟ್ಟಿದ ರಾಗ ಅದು. ಯುದ್ಧ ಮುಗಿದು ಆಗಲೇ 117 ವರ್ಷ ಆಗಿತ್ತು. ಇನ್ನು ಪತ್ರ. ಅದರ ಮೂಲ ಪ್ರತಿ ಇವತ್ತಿಗೂ ಸಿಕ್ಕಿಲ್ಲ, ನಮಗೆ ಸಿಕ್ಕಿರುವುದು ನಕಲುಗಳು. ಟೀವಿಯಲ್ಲಿ ಓದಿದ್ದು ಅದನ್ನೂ ಕತ್ತರಿಸಿ ಚಿಕ್ಕದು ಮಾಡಿದ ಪಾಠ.

ಹಾಗಾದರೆ ಮೋಸ ಮಾಡಿದರಾ? ನಾನು ಹಾಗೆ ಹೇಳುವುದಿಲ್ಲ. ಬಲೂ ಇದ್ದದ್ದು ನಿಜ, ಸತ್ತದ್ದು ನಿಜ. ಆದರೆ ಒಂದು ದೇಶದ ಇತಿಹಾಸವನ್ನು ಟೀವಿಗೆ ತರುವುದು ಎಂಥಾ ಕೆಲಸ ಅನ್ನುವುದು ಈ ಮೂರೂವರೆ ನಿಮಿಷದಲ್ಲೇ ಇದೆ. ಇತಿಹಾಸದ ಪುಸ್ತಕ ಬರೆಯುವವನಿಗೆ 'ಈ ಬಗ್ಗೆ ಏನು ಗೊತ್ತಿದೆ?' ಅನ್ನುವುದು ಮೊದಲ ಪ್ರಶ್ನೆ. ಟೀವಿಯವನಿಗೆ ಇನ್ನೊಂದು ಪ್ರಶ್ನೆ ಅದಕ್ಕಿಂತ ಮೊದಲೇ ಬಂದು ನಿಲ್ಲುತ್ತದೆ: 'ಇದಕ್ಕೆ ತೋರಿಸೋಕೆ ಏನಿದೆ?' ತೋರಿಸುವುದಕ್ಕೆ ಏನೂ ಇಲ್ಲ ಅಂದರೆ, ಎಷ್ಟೇ ದೊಡ್ಡ ಘಟನೆಯಾದರೂ ಒಂದು ವಾಕ್ಯದಲ್ಲಿ ಮುಗಿದುಹೋಗಬಹುದು.

ಮೊದಲು ಸಮಯದ ಲೆಕ್ಕ ನೋಡೋಣ, ಅದು ಬೇಗ ಮುಗಿಯುತ್ತದೆ. ನಿಮಿಷಕ್ಕೆ 120 ಪದದಂತೆ ಉಸಿರು ಬಿಡದೆ ಮಾತಾಡಿದರೂ 50 ನಿಮಿಷದ ಕಂತಿನಲ್ಲಿ ಹಿಡಿಯುವುದು 6,000 ಪದ. ದಪ್ಪ ಪುಸ್ತಕದ ಒಂದು ಅಧ್ಯಾಯವೇ ಅದಕ್ಕಿಂತ ಉದ್ದ ಇರುತ್ತದೆ. ಸಾಲದ್ದಕ್ಕೆ ಮಧ್ಯೆ ಸಂಗೀತಕ್ಕೆ, ಮೌನಕ್ಕೆ, ಬೆಟ್ಟದ ಮೇಲೆ ಮಂಜು ಸರಿಯುವುದಕ್ಕೂ ಜಾಗ ಬಿಡಬೇಕು. ಇತಿಹಾಸಕಾರ ಸೈಮನ್ ಶಾಮಾ ಬಿಬಿಸಿಗೆ ಮಾಡಿದ ಬ್ರಿಟನ್ನಿನ ಇತಿಹಾಸದ ಸರಣಿ 2000ದಿಂದ 2002ರವರೆಗೆ 15 ಕಂತುಗಳಲ್ಲಿ ಬಂತು. ಅದರ ಮೊದಲ ಕಂತು ಕ್ರಿ.ಪೂ. 3100ರ ಹೊತ್ತಿನಿಂದ ಹೊರಟು ಕ್ರಿ.ಶ. 1000ಕ್ಕೆ ಬಂದು ನಿಲ್ಲುತ್ತದೆ. ಅಂದರೆ ನಿಮಿಷಕ್ಕೆ ಸುಮಾರು 70 ವರ್ಷ! ಎರಡನೇ ಕಂತಿಗೆ ಬಂದರೆ ಗಾಡಿ ಪೂರ್ತಿ ನಿಧಾನ. ಹೆಚ್ಚುಕಮ್ಮಿ ಎಲ್ಲವೂ 1066ರಲ್ಲಿ ನಾರ್ಮನ್ನರು ಇಂಗ್ಲೆಂಡಿನ ಮೇಲೆ ಮಾಡಿದ ದಾಳಿಯ ಸುತ್ತಲೇ. ಆ ದಾಳಿ ದೊಡ್ಡದು, ಒಪ್ಪೋಣ. ಆದರೆ ಅದಕ್ಕೆ ಬೇಯೋ ಕಸೂತಿ ಪಟವೂ ಇದೆ. ಸುಮಾರು 70 ಮೀಟರ್ ಉದ್ದದ ಬಟ್ಟೆಯ ಮೇಲೆ ಹಡಗು, ಕುದುರೆ, ಬಾಣ, ಬೀಳುವ ರಾಜ ಎಲ್ಲವನ್ನೂ ದೃಶ್ಯದ ಮೇಲೆ ದೃಶ್ಯವಾಗಿ ಹೊಲಿದಿಟ್ಟಿದ್ದಾರೆ. ಟೀವಿಯವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇಕಾ? 1066ಕ್ಕೆ ಟೀವಿಯಲ್ಲಿ ಯಾವಾಗಲೂ ಜಾಗ ಸಿಗುವುದರಲ್ಲಿ ಈ ಬಟ್ಟೆಯ ಪಾಲೂ ಇದೆ ಅಂತ ನನಗನಿಸುತ್ತದೆ.

ಈಗ ಚಿತ್ರಗಳ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1861ರಿಂದ 1865ರವರೆಗಿನ ಆ ಯುದ್ಧದ ಕಾಲಕ್ಕೆ ಫೋಟೋ ಇತ್ತು, ಸಿನಿಮಾ ಇರಲಿಲ್ಲ. ಫೋಟೋ ಕೂಡ ಗಾಜಿನ ಹಾಳೆಗೆ ಒದ್ದೆ ರಾಸಾಯನಿಕ ಬಳಿದು ತೆಗೆಯುವಂಥದ್ದು. ಕೆಲವು ಸೆಕೆಂಡಾದರೂ ಅಲುಗಾಡದೆ ನಿಲ್ಲಬೇಕು. ಓಡುವ ಸೈನಿಕ, ಸಿಡಿಯುವ ಫಿರಂಗಿ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಇಡೀ ಯುದ್ಧದ ಫೋಟೋಗಳಲ್ಲಿ ಯುದ್ಧವೇ ಇಲ್ಲ. ಮುಂಚಿನದು ಇದೆ: ಹೊಸ ಸಮವಸ್ತ್ರ ಹಾಕಿಕೊಂಡು ಬಿಗಿಯಾಗಿ ಕೂತ ಹುಡುಗರು. ಆಮೇಲಿನದು ಇದೆ: ಬೇಲಿಯ ಪಕ್ಕ ಬಿದ್ದ ಹೆಣಗಳು. ನಡುವಿನದು ಖಾಲಿ.

ಈ ಖಾಲಿ ಜಾಗವನ್ನು ಬರ್ನ್ಸ್ ತುಂಬಿದ್ದು ಶಬ್ದದಿಂದ, ಚಲನೆಯಿಂದ. ಫೋಟೋದ ಮೇಲೆ ಕ್ಯಾಮೆರಾ ಮೆಲ್ಲಗೆ ಹರಿಯುತ್ತದೆ. ಒಂದು ಕೈಯಿಂದ ಶುರುವಾಗಿ ಮುಖಕ್ಕೆ ಬರುತ್ತದೆ, ಅಥವಾ ಮುಖದಿಂದ ಹಿಂದೆ ಸರಿದು ಇಡೀ ಪಡೆಯನ್ನು ತೋರಿಸುತ್ತದೆ. ಜೊತೆಗೆ ಗುಂಡಿನ ಸದ್ದು, ಕುದುರೆಯ ಗೊರಸು, ದೂರದಲ್ಲಿ ಯಾರೋ ಕೂಗಿದ್ದು. ಈ ಉಪಾಯ ಅವರು ಕಂಡುಹಿಡಿದದ್ದಲ್ಲ, 1957ರಲ್ಲೇ ಕೆನಡಾದ ಒಂದು ಸಾಕ್ಷ್ಯಚಿತ್ರ ಚಿನ್ನದ ಬೇಟೆಯ ಕಾಲದ ಫೋಟೋಗಳಿಗೆ ಹೀಗೇ ಜೀವ ಕೊಟ್ಟಿತ್ತು. ಆದರೆ ಹೆಸರು ಅಂಟಿಕೊಂಡಿದ್ದು ಬರ್ನ್ಸ್‌ಗೆ. ಆಪಲ್ ಕಂಪನಿಯ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದು 'ಕೆನ್ ಬರ್ನ್ಸ್ ಎಫೆಕ್ಟ್' ಎಂಬ ಹೆಸರಲ್ಲೇ ಇದೆ. ನೀವು ಮದುವೆಯ ಫೋಟೋಗಳ ವಿಡಿಯೋ ಮಾಡಿಸಿದ್ದರೆ, ನಿಮ್ಮ ಮುಖದ ಮೇಲೂ ಅದು ಹರಿದಿರುತ್ತದೆ.

ಕ್ಯಾಮೆರಾ ಹೀಗೆ ಸರಿಯುವಾಗ ಫೋಟೋಗೆ ಕಥೆ ಬರುತ್ತದೆ. ಮೊದಲು ಕಂಡದ್ದು, ಆಮೇಲೆ ಕಂಡದ್ದು ಅಂತ ಆಗುತ್ತದೆ. ಫೋಟೋ ತೆಗೆದವನು ಅಂಥ ಕ್ರಮವನ್ನೇನೂ ಇಟ್ಟಿರಲಿಲ್ಲ.

ಹಾಗಂತ ಫೋಟೋ ತೆಗೆದವನು ಸತ್ಯ ಹರಿಶ್ಚಂದ್ರ ಅಂದುಕೊಳ್ಳುವುದೂ ಬೇಡ. 1863ರ ಗೆಟಿಸ್‌ಬರ್ಗ್ ಕದನದ ಬಳಿಕ ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಒಂದು ಫೋಟೋ ಬಹಳ ಪ್ರಸಿದ್ಧ. ಕಲ್ಲುಗಳ ನಡುವೆ ಸತ್ತು ಬಿದ್ದ ಒಬ್ಬ ಗುರಿಕಾರ, ಪಕ್ಕದಲ್ಲಿ ಕಲ್ಲಿಗೆ ಒರಗಿಸಿದ ಬಂದೂಕು. ನೂರು ವರ್ಷ ಕಳೆದ ಮೇಲೆ ಸಂಶೋಧಕರು ಆ ದಿನಗಳ ಫೋಟೋಗಳನ್ನೆಲ್ಲ ಅಕ್ಕಪಕ್ಕ ಇಟ್ಟು ನೋಡಿದರು. ಅದೇ ಹೆಣ ಇನ್ನೊಂದು ಜಾಗದಲ್ಲೂ ಬಿದ್ದಿದೆ! ಮೊದಲು ಅಲ್ಲಿ ತೆಗೆದು, ಆಮೇಲೆ ಒಳ್ಳೆಯ ಹಿನ್ನೆಲೆ ಬೇಕು ಅಂತ ಕಲ್ಲಿನ ಗೂಡಿಗೆ ಹೊತ್ತು ತಂದಿದ್ದರು. ಬಂದೂಕು ಕೂಡ ಗುರಿಕಾರರು ಬಳಸುವಂಥದ್ದಲ್ಲ, ಫೋಟೋಗೆ ಅಂತ ಇಟ್ಟದ್ದು.

ಸಿನಿಮಾ ಬಂದ ಮೇಲೆ ಕಷ್ಟ ತೀರಿತಾ? ಇಲ್ಲ, ಜಾಸ್ತಿಯಾಯಿತು. ಅಲುಗಾಡುವ ಚಿತ್ರವನ್ನು ಯಾರೂ ಅನುಮಾನಿಸುವುದಿಲ್ಲ, ಅಲ್ವಾ? 1916ರ ಜುಲೈ 1ರಂದು ಫ್ರಾನ್ಸಿನಲ್ಲಿ ಸೋಮ್ ಕದನ ಶುರುವಾಯಿತು. ಆ ಒಂದೇ ದಿನ ಬ್ರಿಟಿಷ್ ಸೇನೆಯ 19,240 ಜನ ಸತ್ತರು. ಅದೇ ಆಗಸ್ಟಿನಲ್ಲಿ ಆ ಕದನದ ಬಗ್ಗೆ ಒಂದು ಚಿತ್ರ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ ಆರು ವಾರದಲ್ಲಿ ಸುಮಾರು 2 ಕೋಟಿ ಟಿಕೆಟ್ ಖರ್ಚಾದವು. ಅದರಲ್ಲಿ ಬಹುಪಾಲು ನಿಜವಾಗಿ ಅಲ್ಲೇ ತೆಗೆದದ್ದು. ಆದರೆ ಜನ ಮರೆಯದ ದೃಶ್ಯ ಬೇರೆ. ಸೈನಿಕರು ಕಂದಕದಿಂದ ಮೇಲೆ ಹತ್ತುತ್ತಾರೆ, ಒಬ್ಬ ಹತ್ತುವಾಗಲೇ ಗುಂಡು ಬಿದ್ದು ಜಾರಿ ಹಿಂದಕ್ಕೆ ಬರುತ್ತಾನೆ. ಮೊದಲ ಮಹಾಯುದ್ಧದ ಯಾವುದೇ ಸಾಕ್ಷ್ಯಚಿತ್ರ ನೋಡಿ, ಅವನು ಮತ್ತೆ ಮತ್ತೆ ಜಾರುತ್ತಲೇ ಇರುತ್ತಾನೆ. ಆ ದೃಶ್ಯವನ್ನು ಯುದ್ಧಭೂಮಿಯಿಂದ ಹಿಂದೆ, ತರಬೇತಿಯ ಜಾಗದಲ್ಲಿ ಮಾಡಿಸಿ ತೆಗೆದದ್ದು ಅಂತ ತಿಳಿದವರ ಅಭಿಪ್ರಾಯ. ಗಮನಿಸಿ ನೋಡಿದರೆ ನಮಗೂ ಗೊತ್ತಾಗುತ್ತದೆ. ಸೈನಿಕರ ಬೆನ್ನ ಮೇಲೆ ಇರಬೇಕಾದಷ್ಟು ಹೊರೆಯಿಲ್ಲ. ಎಲ್ಲಕ್ಕಿಂತ ಮೇಲಾಗಿ, ಗುಂಡಿನ ಮಳೆ ಸುರಿಯುವಾಗ ಕ್ಯಾಮೆರಾದವನು ಅಂಥ ಬಯಲಲ್ಲಿ ನಿಂತು ಹಿಡಿ ತಿರುಗಿಸುತ್ತಾ ಇರುವುದು ಸಾಧ್ಯವೇ ಇಲ್ಲ. ಕ್ಯಾಮೆರಾ ಎಲ್ಲಿ ನಿಂತಿದೆ ಅಂತ ಕೇಳಿಕೊಳ್ಳುವುದು ಹಳೆಯ ಫುಟೇಜ್ ಪರೀಕ್ಷಿಸುವ ಸುಲಭ ದಾರಿ.

ಇದಕ್ಕಿಂತ ತಮಾಷೆಯದು ರಷ್ಯಾದ್ದು. 1917ರಲ್ಲಿ ಪೆಟ್ರೊಗ್ರಾಡಿನ ಚಳಿಗಾಲದ ಅರಮನೆಯನ್ನು ಬೊಲ್ಶೆವಿಕರು ವಶಪಡಿಸಿಕೊಂಡದ್ದು ರಾತ್ರಿ ಹೊತ್ತು, ಅದೂ ಹೆಚ್ಚು ರಕ್ತ ಹರಿಯದೆ. ಅದನ್ನು ಯಾರೂ ಚಿತ್ರೀಕರಿಸಲಿಲ್ಲ. ಕ್ರಾಂತಿಗೆ ಹತ್ತು ವರ್ಷ ತುಂಬಿದ ನೆಪದಲ್ಲಿ ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್ 'ಅಕ್ಟೋಬರ್' ಎಂಬ ಚಿತ್ರ ಮಾಡಿದರು, 1928ರಲ್ಲಿ ತೆರೆಕಂಡಿತು. ಅದರಲ್ಲಿ ಸಾವಿರಾರು ಜನ ಅರಮನೆಯ ಗೇಟಿಗೆ ನುಗ್ಗುತ್ತಾರೆ, ಗೇಟು ಹತ್ತುತ್ತಾರೆ. ನಿಜವಾದ ಕ್ರಾಂತಿಗಿಂತ ಶೂಟಿಂಗಿನಲ್ಲೇ ಅರಮನೆಗೆ ಜಾಸ್ತಿ ಹಾನಿಯಾಯಿತು ಅಂತ ಒಂದು ಜೋಕೂ ಇದೆ. ಮುಂದೆ ಎಷ್ಟೋ ಸಾಕ್ಷ್ಯಚಿತ್ರಗಳು ಈ ಸಿನಿಮಾ ದೃಶ್ಯವನ್ನೇ ನಿಜ ಘಟನೆ ಅನ್ನುವಂತೆ ಹಾಕಿಕೊಂಡವು. ಬೇರೆ ಚಿತ್ರ ಇರಲಿಲ್ಲವಲ್ಲ, ಇದ್ದದ್ದು ಇದೊಂದೇ.

ಶಬ್ದದ ಬಗ್ಗೆ ಒಂದು ಮಾತು. ಮೊದಲ ಮಹಾಯುದ್ಧದ ಫಿಲ್ಮ್‌ಗಳೆಲ್ಲ ಮೂಕಿ. ಅವುಗಳಲ್ಲಿ ನೀವು ಕೇಳಿದ ಪ್ರತಿ ಬಾಂಬು, ಪ್ರತಿ ಹೆಜ್ಜೆ, ಆಮೇಲೆ ಸ್ಟುಡಿಯೋದಲ್ಲಿ ಕೂಡಿಸಿದ್ದು. ಸೈನಿಕರು ಪುಟುಪುಟು ಅಂತ ಗೊಂಬೆಗಳ ಹಾಗೆ ನಡೆಯುವುದು ಕೂಡ, ಕಡಿಮೆ ವೇಗದಲ್ಲಿ ತೆಗೆದ ಫಿಲ್ಮನ್ನು ಜಾಸ್ತಿ ವೇಗದಲ್ಲಿ ಓಡಿಸಿದ್ದರಿಂದ.

ಇಲ್ಲಿವರೆಗೆ ಹೇಳಿದ್ದು ಇರುವ ಚಿತ್ರಗಳ ಕಥೆ. ನನ್ನನ್ನು ಹೆಚ್ಚು ಕಾಡುವುದು ಇಲ್ಲದ ಚಿತ್ರಗಳು.

'ದಿ ಸಿವಿಲ್ ವಾರ್' ಮುಗಿಯುವುದು ಹೇಗೆ ಗೊತ್ತಾ? ಕದನ ನಡೆದು 50 ವರ್ಷಕ್ಕೆ, 1913ರಲ್ಲಿ, ಎರಡೂ ಕಡೆಯ ಮುದುಕರಾದ ಸೈನಿಕರು ಗೆಟಿಸ್‌ಬರ್ಗಿನಲ್ಲಿ ಸೇರಿದ್ದರು. 75 ವರ್ಷಕ್ಕೆ, 1938ರಲ್ಲಿ, ಬದುಕಿ ಉಳಿದವರು ಮತ್ತೆ ಸೇರಿದರು. ಅಷ್ಟು ಹೊತ್ತಿಗೆ ಸಿನಿಮಾ ಕ್ಯಾಮೆರಾ ಬಂದಿತ್ತು. ಬಿಳಿ ಗಡ್ಡದ ಅಜ್ಜಂದಿರು ಒಂದು ಕಾಲದ ಶತ್ರುಗಳ ಕೈ ಕುಲುಕುವುದು ಫಿಲ್ಮಿನಲ್ಲಿದೆ. ಹತ್ತು ಗಂಟೆಗೂ ಮೇಲೆ ಅಲುಗಾಡದ ಫೋಟೋಗಳನ್ನೇ ನೋಡಿದ ಕಣ್ಣಿಗೆ, ಆ ಅಜ್ಜಂದಿರು ನಡೆದಾಡುವುದನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಅಣ್ಣತಮ್ಮಂದಿರು ಜಗಳ ಆಡಿದರು, ಕೊನೆಗೆ ಒಂದಾದರು ಅನ್ನುವ ಭಾವ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೆ ಯುದ್ಧ ಮುಗಿದ 1865ಕ್ಕೂ ಈ ಕೈಕುಲುಕಿಗೂ ನಡುವೆ ಏನಾಯಿತು? ಸುಮಾರು 40 ಲಕ್ಷ ಜನ ಗುಲಾಮಗಿರಿಯಿಂದ ಬಿಡುಗಡೆಯಾದರು, ಅವರಲ್ಲಿ ಗಂಡಸರಿಗೆ ಮತದಾನದ ಹಕ್ಕು ಬಂತು, ಕೆಲವರು ಶಾಸನಸಭೆಗೂ ಹೋದರು. 1877ರ ಬಳಿಕ ದಕ್ಷಿಣದ ರಾಜ್ಯಗಳಲ್ಲಿ ಅದನ್ನೆಲ್ಲ ಹಿಂಸೆಯಿಂದಲೂ ಕಾನೂನಿನಿಂದಲೂ ಕಿತ್ತುಕೊಂಡರು. ಎರಡು ಕಡೆಯ ಬಿಳಿಯರು ಕೈ ಕುಲುಕಿದ್ದು ಇದಾದ ಮೇಲೆ. ಈ ಭಾಗ ಸರಣಿಯಲ್ಲಿ ತೀರಾ ತೆಳು. ಇತಿಹಾಸಕಾರರು ಇದನ್ನು ಎತ್ತಿ ಆಡಿದರು. 1996ರಲ್ಲಿ ಈ ಸರಣಿಯ ತಪ್ಪು-ಒಪ್ಪುಗಳ ಬಗ್ಗೆ ಒಂದು ಲೇಖನ ಸಂಕಲನವೇ ಬಂತು. ಟೀಕೆ ನನಗೆ ಸರಿ ಅನಿಸುತ್ತದೆ. ಜೊತೆಗೆ ಒಂದು ಅನುಮಾನವೂ ಇದೆ. ಕೈಕುಲುಕಿಗೆ ಫಿಲ್ಮ್ ಇತ್ತು, ಕಿತ್ತುಕೊಂಡದ್ದಕ್ಕೆ ಇರಲಿಲ್ಲ. ಯಾವುದು ಕ್ಲೈಮ್ಯಾಕ್ಸ್ ಆಗಬೇಕು ಅನ್ನುವುದನ್ನು ಅರ್ಧ ಅದೇ ತೀರ್ಮಾನ ಮಾಡಿಬಿಟ್ಟಿತೋ ಏನೋ.

ಪತ್ರಗಳದ್ದೂ ಇದೇ ಕಥೆ. ಬಲೂ ವಕೀಲ, ಸೊಗಸಾಗಿ ಬರೆಯಬಲ್ಲ. ಗುಲಾಮರಿಗೆ ಓದು-ಬರಹ ಕಲಿಸುವುದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಹೆಂಡತಿಯನ್ನು ಬಿಟ್ಟು ಹೊರಟ ಗುಲಾಮನೂ ಬಲೂವಿನಷ್ಟೇ ಸಂಕಟಪಟ್ಟಿರುತ್ತಾನೆ. ಆದರೆ ಅವನ ಪತ್ರ ಎಲ್ಲಿಂದ ತರುವುದು? 1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ಯೋಜನೆಯೊಂದರಲ್ಲಿ ಒಂದು ಕಾಲಕ್ಕೆ ಗುಲಾಮರಾಗಿದ್ದ ಮುದುಕರನ್ನು ಮಾತಾಡಿಸಿ 2,300ಕ್ಕೂ ಹೆಚ್ಚು ಕಥನಗಳನ್ನು ಬರೆದುಕೊಂಡರು. ಅದು ದೊಡ್ಡ ನಿಧಿ, ನಿಜ. ಆದರೆ ಎಪ್ಪತ್ತು ವರ್ಷ ಕಳೆದ ಮೇಲಿನ ನೆನಪು ಅದು. ಕದನಕ್ಕೆ ಹೊರಡುವ ಮುಂಚೆ ಬರೆದ ಪತ್ರದ ಬಿಸಿ ಅದಕ್ಕೆ ಹೇಗೆ ಬರುತ್ತದೆ?

ಪರದೆಯ ಮೇಲೆ ಕೂತು ಮಾತಾಡುವವರ ಆಯ್ಕೆಯೂ ಹೀಗೇ. ಆ ಸರಣಿಯ ತಾರೆ ಅಂದರೆ ಶೆಲ್ಬಿ ಫೂಟ್. ಮೂಲತಃ ಕಾದಂಬರಿಕಾರ. ದಕ್ಷಿಣದ ಎಳೆದು ಮಾತಾಡುವ ಧಾಟಿ, ನಿನ್ನೆ ತಾನೇ ಕಣ್ಣಾರೆ ನೋಡಿ ಬಂದವರ ಹಾಗೆ ಕಥೆ. ಬಾರ್ಬರಾ ಫೀಲ್ಡ್ಸ್ ಅನ್ನುವ ಇತಿಹಾಸಕಾರ್ತಿಯೂ ಇದ್ದರು. ಈ ಯುದ್ಧದ ತಿರುಳು ಗುಲಾಮಗಿರಿ, ಅದರ ಲೆಕ್ಕ ಇನ್ನೂ ಮುಗಿದಿಲ್ಲ ಅನ್ನುವುದು ಅವರ ವಾದ. ವಾದದಲ್ಲಿ ತೂಕ ಜಾಸ್ತಿ ಇದ್ದದ್ದು ಫೀಲ್ಡ್ಸ್ ಕಡೆ, ಪರದೆಯ ಸಮಯ ಜಾಸ್ತಿ ಸಿಕ್ಕಿದ್ದು ಫೂಟ್‌ಗೆ. ಎಡಿಟಿಂಗ್ ಟೇಬಲ್ ಮೇಲೆ ಕಥೆ ಹೇಳುವವನ ಎದುರು ವಾದ ಮಾಡುವವಳು ಗೆಲ್ಲುವುದು ಕಷ್ಟ.

ಚಿತ್ರವೂ ಇಲ್ಲ, ಪತ್ರವೂ ಇಲ್ಲ ಅಂದರೆ ಇನ್ನೊಂದು ದಾರಿ ಇದೆ: ನಾಟಕ ಮಾಡಿಸುವುದು. ನಮಗೆಲ್ಲ ಗೊತ್ತಿರುವ ಉದಾಹರಣೆ ಶ್ಯಾಮ್ ಬೆನೆಗಲ್ ಅವರ 'ಭಾರತ್ ಏಕ್ ಖೋಜ್'. 1988ರಲ್ಲಿ ದೂರದರ್ಶನದಲ್ಲಿ ಶುರುವಾಯಿತು, 53 ಕಂತು. ಅಹಮದ್‌ನಗರದ ಕೋಟೆಯಲ್ಲಿ ಸೆರೆಯಲ್ಲಿದ್ದಾಗ ನೆಹರೂ ಬರೆದ ಪುಸ್ತಕ ಅದಕ್ಕೆ ಆಧಾರ. ನೆಹರೂ ಪಾತ್ರದಲ್ಲಿ ರೋಶನ್ ಸೇಠ್ ಬಂದು ಮಾತಾಡುತ್ತಾರೆ, ಆಮೇಲೆ ನಾಟಕ. ಐದು ಸಾವಿರ ವರ್ಷಕ್ಕೆ ಫೋಟೋ ಎಲ್ಲಿಂದ ಬರಬೇಕು? ಬೆನೆಗಲ್ ಸಾಹಿತ್ಯದ ಕಡೆ ಹೋದರು. ಶಿಲಪ್ಪದಿಕಾರಂ, ಪೃಥ್ವೀರಾಜ ರಾಸೋ, ಪದ್ಮಾವತ್ ಎಲ್ಲ ಅದರಲ್ಲಿ ಬಂದವು. ಇದು ಜಾಣತನ, ಯಾಕಂದರೆ ಜನ ತಮ್ಮ ಹಿಂದಿನದನ್ನು ನೆನಪಿಟ್ಟುಕೊಂಡದ್ದು ಇಂಥ ಕಾವ್ಯಗಳಲ್ಲೇ. ಇದು ಅಪಾಯವೂ ಹೌದು. ಪದ್ಮಾವತ್ ಬರೆದ ಜಾಯಸಿ, ಅಲಾವುದ್ದೀನ್ ಖಿಲ್ಜಿ ಸತ್ತು 200 ವರ್ಷ ಕಳೆದ ಮೇಲಿನ ಕವಿ. ಪರದೆಯ ಮೇಲೆ ಖಿಲ್ಜಿಯೂ ಪದ್ಮಿನಿಯೂ ಒಂದೇ ಬೆಳಕಿನಲ್ಲಿ ನಿಂತಾಗ ಯಾರು ಚರಿತ್ರೆಯಿಂದ ಬಂದವರು, ಯಾರು ಕಾವ್ಯದಿಂದ ಬಂದವರು ಅಂತ ಹೇಗೆ ಗೊತ್ತಾಗಬೇಕು?

ಆದರೂ ಈ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಅದೇ ನಟರು ಮತ್ತೆ ಮತ್ತೆ ಬರುತ್ತಾರೆ. ಓಂ ಪುರಿ ಒಮ್ಮೆ ಖಿಲ್ಜಿ, ಇನ್ನೊಮ್ಮೆ ಔರಂಗಜೇಬ್. ನೋಡುವವನಿಗೆ 'ಇದು ನಾಟಕ ಕಣಯ್ಯಾ' ಅಂತ ಪ್ರತಿ ವಾರ ನೆನಪಾಗುತ್ತಿತ್ತು. ಈಗಿನ ಡಾಕ್ಯುಮೆಂಟರಿಗಳಲ್ಲಿ ಹೊಗೆ, ಗ್ರಾಫಿಕ್ಸ್, ನಿಧಾನಗತಿಯ ಕತ್ತಿವರಸೆ ಎಲ್ಲ ಸೇರಿ ಆ ನೆನಪನ್ನು ಅಳಿಸುವುದಕ್ಕೇ ಕೆಲಸ ಮಾಡುತ್ತವೆ.

ಕೆನಡಾದ ಸಿಬಿಸಿ ವಾಹಿನಿ ಇನ್ನೊಂದು ನಿಯಮ ಹಾಕಿಕೊಂಡಿತ್ತು. 2000-2001ರಲ್ಲಿ ಬಂದ 'ಕೆನಡಾ: ಎ ಪೀಪಲ್ಸ್ ಹಿಸ್ಟರಿ' 17 ಕಂತು, 30 ಗಂಟೆಗೂ ಹೆಚ್ಚು. ನಟರು ವೇಷ ಹಾಕಿ ಕ್ಯಾಮೆರಾವನ್ನೇ ದಿಟ್ಟಿಸಿ ಮಾತಾಡುತ್ತಾರೆ. ಆದರೆ ಅವರ ಬಾಯಿಗೆ ಹೊಸ ಮಾತು ಬರೆಯುವ ಹಾಗಿಲ್ಲ. ಪತ್ರ, ದಿನಚರಿ, ದಾಖಲೆಯಲ್ಲಿ ಇರುವ ಮಾತನ್ನೇ ಆಡಬೇಕು. ಒಳ್ಳೆಯ ಶಿಸ್ತು. ಮತ್ತೆ ಅದೇ ಗೋಡೆ: ದಾಖಲೆ ಬಿಟ್ಟು ಹೋಗದವರು ಮೂಕರಾಗುತ್ತಾರೆ. ಮೊದಲ ಕಂತಿನಲ್ಲಿ ಶಾನಡಿಥಿಟ್ ಎಂಬ ಹೆಣ್ಣುಮಗಳು ಬರುತ್ತಾಳೆ. ನ್ಯೂಫೌಂಡ್‌ಲ್ಯಾಂಡಿನ ಬಿಯೋಥುಕ್ ಬುಡಕಟ್ಟಿನಲ್ಲಿ ತಿಳಿದಿರುವಂತೆ ಕೊನೆಯವಳು. 1829ರಲ್ಲಿ ಕ್ಷಯದಿಂದ ಸತ್ತಳು. ಸಾಯುವ ಮುಂಚೆ, ಕೇಳಿದವರಿಗೆ ತನ್ನ ಜನರ ಬದುಕನ್ನು ಕಾಗದದ ಮೇಲೆ ಚಿತ್ರ ಬಿಡಿಸಿ ತೋರಿಸಿದ್ದಳು. ಅವಳು ಪೆನ್ಸಿಲ್ ಹಿಡಿಯದೆ ಇದ್ದಿದ್ದರೆ, ಆ ಜನರನ್ನು ಅವರ ಕಣ್ಣಿನಿಂದ ನೋಡುವುದು ಯಾರಿಗೂ ಆಗುತ್ತಿರಲಿಲ್ಲ.

ಇಷ್ಟು ದುಡ್ಡು ಸುರಿದು ಒಂದು ದೇಶ ತನ್ನ ಕಥೆಯನ್ನು ತಾನೇ ಯಾಕೆ ಹೇಳಿಕೊಳ್ಳುತ್ತದೆ? ಸರಣಿ ಬಂದ ವರ್ಷ ನೋಡಿ, ಉತ್ತರ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ. 1995ರ ಅಕ್ಟೋಬರಿನಲ್ಲಿ ಕ್ವಿಬೆಕ್ ಪ್ರಾಂತ್ಯ ಕೆನಡಾದಿಂದ ಬೇರೆಯಾಗಬೇಕೇ ಅಂತ ಜನಮತ ನಡೆಯಿತು. ಬೇಡ ಅಂದವರು ಶೇ. 50.58. ಕೂದಲೆಳೆಯಲ್ಲಿ ದೇಶ ಉಳಿಯಿತು. ಆ ಗಾಬರಿಯಲ್ಲಿ ಹುಟ್ಟಿದ್ದು ಕೆನಡಾದ ಸರಣಿ. ಅದನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಮಾಡಿದ್ದು ಸುಮ್ಮನೆ ಅಲ್ಲ.

ಚೀನಾದಲ್ಲಿ 1988ರಲ್ಲಿ ಸರ್ಕಾರಿ ವಾಹಿನಿ ಸಿಸಿಟಿವಿಯಲ್ಲೇ 'ಹೆ ಶಾಂಗ್' ಎಂಬ ಆರು ಕಂತಿನ ಸರಣಿ ಬಂತು. ಹಳದಿ ನದಿ, ಮಹಾಗೋಡೆ ಇವೆಲ್ಲ ನಮ್ಮನ್ನು ಒಳಗೇ ಕೂಡಿಹಾಕಿದವು, ನೀಲಿ ಸಮುದ್ರದ ಕಡೆ ಮುಖ ಮಾಡಬೇಕು ಅನ್ನುವುದು ಅದರ ವಾದ. ಹೆಮ್ಮೆಯ ಗುರುತುಗಳನ್ನೇ ಸೋಲಿನ ಗುರುತುಗಳಾಗಿ ತೋರಿಸಿದ್ದು ಅದರ ಧೈರ್ಯ. ಇತಿಹಾಸವಾಗಿ ನೋಡಿದರೆ ಬಹಳ ಸರಳ ಮಾಡಿದ ಮಾತು. ಆದರೆ ದೇಶವೆಲ್ಲ ಅದರ ಬಗ್ಗೆಯೇ ಮಾತಾಡಿತು. ಮರುವರ್ಷ ಬೀಜಿಂಗಿನ ತಿಯಾನಾನ್‌ಮೆನ್ ಚೌಕದ ಪ್ರತಿಭಟನೆಯನ್ನು ಸೇನೆ ಹತ್ತಿಕ್ಕಿತು. ಸರಣಿಗೆ ನಿಷೇಧ ಬಿತ್ತು, ಬರೆದವರಲ್ಲಿ ಒಬ್ಬರಾದ ಸು ಶಿಯಾವೊಕಾಂಗ್ ದೇಶ ಬಿಟ್ಟು ಓಡಬೇಕಾಯಿತು. ಇಸ್ರೇಲ್ ತನ್ನ 50ನೇ ವರ್ಷಕ್ಕೆ, 1998ರಲ್ಲಿ, 22 ಕಂತಿನ ಸರಣಿ ಮಾಡಿಸಿತು. ಪ್ಯಾಲೆಸ್ಟೀನಿಯರ ಕಡೆಯ ಮಾತಿಗೂ ಜಾಗ ಕೊಟ್ಟರು ಅಂತ ಗದ್ದಲ ಎದ್ದು, ನಿರೂಪಕರಾಗಿದ್ದ ಗಾಯಕ ಯೆಹೊರಾಮ್ ಗಾಓನ್ ನಡುವೆಯೇ ಬಿಟ್ಟು ಹೋದರು.

ಜಗಳ ಒಳಗೂ ನಡೆಯುತ್ತದೆ. ಬಿಬಿಸಿ 1964ರಲ್ಲಿ ಮೊದಲ ಮಹಾಯುದ್ಧದ ಬಗ್ಗೆ 26 ಕಂತು ಮಾಡಿದಾಗ ಸಲಹೆಗಾರರಾಗಿದ್ದ ಸೇನಾ ಇತಿಹಾಸಕಾರ ಬೇಸಿಲ್ ಲಿಡೆಲ್ ಹಾರ್ಟ್, ಸೋಮ್ ಕದನದ ಕಂತಿನ ಬರವಣಿಗೆ ಒಪ್ಪದೆ ಹೊರಗೆ ಬಂದರು. ತಜ್ಞರ ಹೆಸರು ಟೈಟಲ್ ಕಾರ್ಡಿನಲ್ಲಿದೆ ಅಂದಮಾತ್ರಕ್ಕೆ ಅವರು ಎಲ್ಲಕ್ಕೂ ತಲೆಯಾಡಿಸಿದ್ದಾರೆ ಅಂತ ಅರ್ಥವಲ್ಲ.

ಇದಕ್ಕೆಲ್ಲ ಶಾಮಾ ಕಂಡುಕೊಂಡ ಉಪಾಯ ಬೇರೆ. ತಾವೇ ಕ್ಯಾಮೆರಾ ಮುಂದೆ ನಿಂತು, ಕೋಟೆಯಲ್ಲೂ ಗದ್ದೆಯಲ್ಲೂ ನಡೆಯುತ್ತಾ, 'ಇದು ನಾನು ಕಂಡ ಹಾಗೆ' ಅನ್ನುವ ಧಾಟಿಯಲ್ಲಿ ಹೇಳಿದರು. ಕೊನೆಯ ಕಂತಿನಲ್ಲಿ ಇಪ್ಪತ್ತನೇ ಶತಮಾನವನ್ನು ಇಬ್ಬರು ವಿನ್‌ಸ್ಟನ್‌ಗಳ ಮೇಲೆ ಹೊರಿಸಿದರು. ಒಬ್ಬ ಚರ್ಚಿಲ್, ಇನ್ನೊಬ್ಬ ಆರ್ವೆಲ್ ಕಾದಂಬರಿಯ ವಿನ್‌ಸ್ಟನ್ ಸ್ಮಿತ್. ಇಡೀ ಶತಮಾನಕ್ಕೆ ಒಂದೇ ಗಂಟೆ, ಅದರಲ್ಲಿ ಒಬ್ಬ ಕಟ್ಟುಕಥೆಯ ಮನುಷ್ಯ! ಆದರೂ ನನಗೆ ಇದು ಪ್ರಾಮಾಣಿಕ ಅನಿಸುತ್ತದೆ. ಯಾರ ಮುಖವೂ ಕಾಣದ ಹಿನ್ನೆಲೆ ದನಿ ಮಾತಾಡಿದಾಗ ದೇಶವೇ ಮಾತಾಡಿದಂತೆ ಕೇಳುತ್ತದೆ. ಅಂಗಿ ತೊಟ್ಟ, ಕೈ ಆಡಿಸುವ ಒಬ್ಬ ಮನುಷ್ಯ ಮಾತಾಡಿದರೆ ಅವನ ಜೊತೆ ಜಗಳ ಆಡಬಹುದು.

ಕೊನೆಗೆ ದುಡ್ಡಿನ ವಿಷಯ. ಚಿತ್ರ ಇದ್ದರೆ ಸಾಲದು, ಅದು ನಿಮ್ಮದಾಗಿರಬೇಕು.

ಹೆನ್ರಿ ಹ್ಯಾಂಪ್ಟನ್ ಎಂಬ ಕಪ್ಪು ನಿರ್ಮಾಪಕ ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ 'ಐಸ್ ಆನ್ ದ ಪ್ರೈಜ್' ಮಾಡಿದರು. 1987ರಲ್ಲಿ ಆರು ಕಂತು, 1990ರಲ್ಲಿ ಎಂಟು. ಈ ಹೋರಾಟಕ್ಕೆ ಚಿತ್ರಗಳ ಕೊರತೆ ಇರಲಿಲ್ಲ. ಟೀವಿ ಸುದ್ದಿ ಕ್ಯಾಮೆರಾಗಳು ಅಲ್ಲೇ ಇದ್ದವು. 1965ರ ಮಾರ್ಚ್ 7ರಂದು ದಕ್ಷಿಣದ ಸೆಲ್ಮಾ ಪಟ್ಟಣದ ಸೇತುವೆಯ ಬಳಿ ಪೊಲೀಸರು ಮೆರವಣಿಗೆಯವರನ್ನು ಬಡಿದದ್ದನ್ನು ಎಬಿಸಿ ವಾಹಿನಿ ಅದೇ ರಾತ್ರಿ, ಓಡುತ್ತಿದ್ದ ಸಿನಿಮಾವನ್ನು ನಿಲ್ಲಿಸಿ ತೋರಿಸಿತ್ತು. ಪೆಟ್ಟು ತಿಂದವರು ಒಬ್ಬರು, ಫಿಲ್ಮಿನ ಒಡೆಯರು ಇನ್ನೊಬ್ಬರು. ಹ್ಯಾಂಪ್ಟನ್ ಬೇರೆ ಬೇರೆ ಕಡೆಯಿಂದ ತಂದ ಫುಟೇಜು, ಫೋಟೋ, ಹಾಡುಗಳಿಗೆ ಕೆಲವೇ ವರ್ಷಗಳ ಲೈಸೆನ್ಸ್ ಕೊಳ್ಳುವಷ್ಟು ಹಣ ಹೊಂದಿಸಿದ್ದರು. 1990ರ ದಶಕದ ನಡುವಿಗೆ ಅವುಗಳ ಅವಧಿ ಮುಗಿಯಿತು. ಆಮೇಲೆ ಸರಣಿಯನ್ನು ಟೀವಿಯಲ್ಲಿ ತೋರಿಸುವ ಹಾಗಿಲ್ಲ, ಹೊಸ ಪ್ರತಿ ಮಾರುವ ಹಾಗಿಲ್ಲ. ಶಾಲೆಗಳಲ್ಲಿ, ಗ್ರಂಥಾಲಯಗಳಲ್ಲಿ ಉಳಿದ ಹಳೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನೇ ಸವೆಯುವವರೆಗೆ ಓಡಿಸಿದರು.

ದಾನಿಗಳು ದುಡ್ಡು ಕೊಟ್ಟು, ಒಂದೊಂದೇ ತುಣುಕಿಗೆ ಮತ್ತೆ ಹಕ್ಕು ಪಡೆದು, 2006ರಲ್ಲಿ ಸರಣಿಯ ಮೊದಲ ಆರು ಕಂತು ಮತ್ತೆ ಪಿಬಿಎಸ್‌ನಲ್ಲಿ ಬಂದವು. ಹ್ಯಾಂಪ್ಟನ್ 1998ರಲ್ಲೇ ತೀರಿಕೊಂಡಿದ್ದರು.